ಇಮಾಮಹುಸೇನನ ಗಿಡಕ್ಕೆ ಒಂದು ಕೊಡ ನೀರು

ಜಗಳ ಶುರುವಾದದ್ದು ಒಂದು ಹಳದಿ ಟೀ ಶರ್ಟಿನಿಂದ.

ಈದ್ ಮುಗಿದು ವಾರವಾಗಿತ್ತು. ಶನಿವಾರ ಸಂಜೆ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಪಾಳಿ ಮುಗಿಸಿ ಕೈ ತೊಳೆಯುತ್ತಿದ್ದ ಇಮಾಮಹುಸೇನನ ಹೆಗಲ ಮೇಲೆ ಸಿಬ್ಬಂದಿ ವಿಭಾಗದ ಆಶಿಶ್ ಆ ಅಂಗಿಯನ್ನು ತಂದು ಹಾಕಿದ. ಫೌಂಡ್ರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅವರು ನನಗೂ ಒಂದು ಟೀ ಶರ್ಟು ಕಳಿಸಿಯಾರು. ಎದೆಯ ಮೇಲೆ 'ನಾನು ಕಾಡಿನ ಗೆಳೆಯ' ಎಂದು ಬರೆದಿತ್ತು. ಬೆನ್ನ ಮೇಲೆ ಕಂಪನಿಯ ಹೆಸರು ಅದರ ಮೂರು ಪಟ್ಟು ದೊಡ್ಡದಾಗಿತ್ತು.

"ನಾಳೆ ಮುಂಜಾನಿ ಏಳಕ್ಕ ಬಸ್ ಬಿಡ್ತದ ಸರ್. ಸೇವಾ ಪ್ರವಾಸ. ಗುಂಜಿ ಬಾಜು ಅಡವ್ಯಾಗ ಗೌಳಿವಾಡ ಐತಲ್ರಿ, ಅಲ್ಲಿ ಗಿಡಾ ಹಚ್ಚೂದು, ಆ ಮಂದಿಗೆ ಸಹಾಯ ಮಾಡೂದು" ಎಂದ ಆಶಿಶ್.

"ಮಾರ್ಚ್ ತಿಂಗಳದಾಗ ಯಾವನರೆ ಗಿಡಾ ಹಚ್ತಾನೇನೋ?"

"ಮಾರ್ಚ್ ಮೂವತ್ತೊಂದರೊಳಗ ಈ ವರ್ಷದ ಸೇವಾ ಮುಗೀಬೇಕ್ರಿ ಸರ್. ರಿಪೋರ್ಟ್ ಕಳಸೂದೈತಿ."

ಮಳೆ ಜೂನಿನಲ್ಲಿ ಬರುತ್ತದೆ ಎಂದು ಕಂಪನಿಗೆ ಗೊತ್ತಿಲ್ಲ ಅಂತಲ್ಲ. ಮಾರ್ಚ್ ಮೂವತ್ತೊಂದರ ವಿಷಯ ಮಳೆಗೆ ಗೊತ್ತಿಲ್ಲ, ಅದೇ ತೊಂದರೆ.

ಇಮಾಮಹುಸೇನ ಬೈಯಲು ಶುರುಮಾಡಿದ. ಅವನಿಗೆ ಮನೆಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿ, ಸಿಟ್ಟಿಗೆ ಕನ್ನಡ. ಶಿವಬಸವ ನಗರದ ಅವನ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಳದಲ್ಲಿ ನೀರು ಬರುತ್ತಿತ್ತು, ಆ ಪಾಳಿ ಈ ಸಲ ಭಾನುವಾರಕ್ಕೇ ಬಿದ್ದಿತ್ತು. ಹೆಂಡತಿ ಶಮಶಾದಳ ಮೊಣಕಾಲು ನೋವಿನಿಂದ ಡ್ರಮ್ಮು ತುಂಬುವ ಕೆಲಸ ಅವನದೇ. ಇದನ್ನೆಲ್ಲ ಅವನು ಸಾಕಷ್ಟು ಖಾರ ಹಾಕಿ ವಿವರಿಸಿದ. ಆಶಿಶ್ ನಗುತ್ತಲೇ ಕೇಳಿಸಿಕೊಂಡು, "ಈದ್‌ಗೆ ಎರಡ ದಿನ ಜಾಸ್ತಿ ರಜಾ ಕೊಟ್ಟೀವಲ್ರಿ ಸರ್" ಎಂದ. ಮಾತು ಅಲ್ಲಿಗೆ ಮುಗಿಯಿತು.

ಪಕ್ಕದಲ್ಲಿ ನಿಂತಿದ್ದ ದಿಗಂಬರ, "ಇಮಾಮಭಾಯ್ ಬರ್ತಾರ ತಗೋರಿ, ನಾ ಕರಕೊಂಡ ಬರ್ತೀನಿ" ಎಂದುಬಿಟ್ಟ. ಅಚ್ಚು ಹಾಕುವ ವಿಭಾಗದ ಈ ದಿಗಂಬರ ಅವನ ಓಣಿಯವನೇ. ಯಾವ ಕೆಲಸಕ್ಕಾದರೂ ಎಲ್ಲರಿಗಿಂತ ಮೊದಲು ಮುಂದೆ ಬರುವವನು. ಬಂದು ಇನ್ನೊಬ್ಬರನ್ನು ಮುಂದೆ ತಳ್ಳುವವನು.

ಇಮಾಮಹುಸೇನನ ಕೆಲಸ ತಪಾಸಣೆ. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು. ಬೀಡಿನ, ಅಂದರೆ ಎರಕದ ಕಬ್ಬಿಣದ, ಸಾಮಾನು ಅಚ್ಚಿನಿಂದ ಹೊರಬಂದ ಮೇಲೆ ಅವನು ಸಣ್ಣ ಸುತ್ತಿಗೆಯಿಂದ ತಟ್ಟಿ ದನಿ ಕೇಳುತ್ತಿದ್ದ. ಖಣ್ ಎಂದರೆ ಗಟ್ಟಿ, ಮಬ್ಬಾಗಿ ನುಡಿದರೆ ಒಳಗೆ ಗಾಳಿಗುಳ್ಳೆ. ಗಟ್ಟಿಯಾದದ್ದರ ಮೇಲೆ ಗುರುತು ಒತ್ತುವ ತನ್ನ ಪಂಚು ಇಟ್ಟು ಒಂದು ಏಟು ಹಾಕಿದರೆ ಮೂರು ಮೂಲೆ, ನಡುವೆ ಒಂದು ಚುಕ್ಕೆ ಮೂಡುತ್ತಿತ್ತು. ಬೆರಳಿನಷ್ಟುದ್ದದ ಆ ಪಂಚನ್ನು ಅವನು ಯಾರನ್ನೂ ನಂಬದೆ ಕೀಲಿಗೊಂಚಲಿಗೆ ಸಿಕ್ಕಿಸಿ ಮನೆಗೇ ಒಯ್ಯುತ್ತಿದ್ದ. ಸಿಟ್ಟು ಬಂದ ದಿನ ಏಟು ಜೋರಾಗಿ ಬಿದ್ದು ಗುರುತು ಆಳವಾಗುತ್ತಿತ್ತು. ಅದರ ಆಳ ನೋಡಿಯೇ ಕಾರ್ಖಾನೆಯ ಜನ ಅವತ್ತು ಅವನ ಹತ್ತಿರ ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಟೀ ಶರ್ಟು ಅವನ ಹೊಟ್ಟೆಯ ಅರ್ಧಕ್ಕೇ ನಿಂತಿತು. ದೊಡ್ಡ ಅಳತೆಯವು ಮುಗಿದಿವೆ ಎಂದು ಆಶಿಶ್ ಹೇಳಿದ. ಬಸ್ಸಿನಲ್ಲಿ ಮೂವತ್ತು ಜನ ಕೂತು ಗಿಡಗಳಿಗೆ ಜಾಗ ಸಾಲದೆ, ತೊಡೆಯ ಮೇಲೆ ಎರಡೆರಡು ಸಸಿ ಇಟ್ಟುಕೊಳ್ಳಬೇಕಾಯಿತು. ದಿಗಂಬರ ತನ್ನ ಎರಡನ್ನೂ ಇಮಾಮಹುಸೇನನ ತೊಡೆಗೆ ದಾಟಿಸಿ ನಿದ್ದೆಹೋದ.

ಖಾನಾಪುರದಲ್ಲಿ ನಾಷ್ಟಾಕ್ಕೆ ಅರ್ಧ ತಾಸು ಎಂದವರು ಒಂದೂವರೆ ತಾಸು ನಿಂತರು. ಕಾಡಿನ ಗೆಳೆಯರು ತಿಂದು ಎಸೆದ ಪ್ಲಾಸ್ಟಿಕ್ ತಟ್ಟೆಗಳು ಗಟಾರಕ್ಕೆ ಬಿದ್ದವು. ಇಮಾಮಹುಸೇನ ಅಲ್ಲೂ ಬೈದ. ಬೈದದ್ದಕ್ಕೆ ಪ್ರತಿಫಲವಾಗಿ ಅವನ ಕೈಗೆ ಬ್ಯಾನರಿನ ಒಂದು ತುದಿ ಬಂತು. ಪ್ಲಾಸ್ಟಿಕ್ ಬಿಡಿ, ಕಾಡು ಉಳಿಸಿ ಎಂದು ಹನ್ನೆರಡು ಅಡಿ ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿಸಿದ್ದರು.

"ಇದನ್ನ ಓದಿ ನೋಡೀಯೇನೋ ಆಶಿಶ್?"

"ಓದೂದಕ್ಕಲ್ರಿ ಸರ್. ಫೋಟೋಕ್ಕ ಐತಿ. ಸ್ವಲ್ಪ ಮ್ಯಾಲ ಹಿಡೀರಿ."

ಗುಂಜಿ ದಾಟಿ ಬಸ್ಸು ನಿಂತಲ್ಲಿಂದ ಕಾಡಿನೊಳಗೆ ಅರ್ಧ ತಾಸಿನ ನಡಿಗೆ. ಬಿಸಿಲು ನೆತ್ತಿಗೇರಿತ್ತು. ಗೌಳಿವಾಡದಲ್ಲಿ ಹನ್ನೆರಡು ಮನೆ, ಮನೆಗಿಂತ ದೊಡ್ಡ ಎಮ್ಮೆಗಳ ಕೊಟ್ಟಿಗೆ. ಅಲ್ಲಿಯ ಜನ ಸಾಲಾಗಿ ನಿಂತು ಕಾಯುತ್ತಿದ್ದರು. ಹಾಗೆ ನಿಲ್ಲಬೇಕೆಂದು ಹಿಂದಿನ ದಿನವೇ ಫೋನು ಬಂದಿತ್ತಂತೆ. ಗುಂಡಿಗಳನ್ನೂ ಅವರೇ ತೋಡಿಟ್ಟಿದ್ದರು. ಬಂದವರ ಸೇವೆ ಏನೆಂದರೆ ಗುಂಡಿಯಲ್ಲಿ ಸಸಿ ಇಟ್ಟು ಕ್ಯಾಮೆರಾ ಕಡೆ ನೋಡುವುದು.

ಆಚೆ ಬಯಲಲ್ಲಿ ಹೋದ ವರ್ಷ ಹಚ್ಚಿದ ಗಿಡಗಳಿದ್ದವು. ಗಿಡ ಅನ್ನುವುದು ನನ್ನ ಔದಾರ್ಯ. ನಲವತ್ತು ಒಣಕಡ್ಡಿ, ಪ್ರತಿಯೊಂದರ ಪಕ್ಕದಲ್ಲಿ ತಗಡಿನ ಹೆಸರಿನ ಫಲಕ. ಇಮಾಮಹುಸೇನ ಒಂದೊಂದೇ ಓದುತ್ತಾ ಹೋಗಿ ಒಂದರ ಮುಂದೆ ನಿಂತ.

"ಇಮಾಮಹುಸೇನ, ತಪಾಸಣಾ ವಿಭಾಗ" ಎಂದು ಗಟ್ಟಿಯಾಗಿಯೇ ಓದಿದ. ಹೋದ ವರ್ಷ ರೋಜಾ ಇದ್ದುದರಿಂದ ಅವನು ಬಂದಿರಲಿಲ್ಲ. ಹೆಸರನ್ನು ಮಾತ್ರ ಕರೆತಂದಿದ್ದರು.

ಹಿಂದಿನಿಂದ ಒಂದು ಮುದುಕಿ ಬಂದು ಅವನ ಮುಖವನ್ನೇ ನೋಡಿದಳು. ವಾಡದ ಹಿರಿಯಳು, ಮಾಯಕ್ಕ.

"ಇಮಾಮಹುಸೇನ ಅಂದ್ರ ನೀವ ಏನ್ರಿ ಸಾಹೇಬ್ರ? ವರ್ಷಾತು ನೋಡ್ರಿ ನಿಮಗ ನೀರ ಹಾಕಾಕತ್ತು. ಮಾರಿ ಇವತ್ತ ಕಂಡೆ."

ಅವನು ಬಗ್ಗಿ ನೋಡಿದ. ಕಡ್ಡಿಯ ಬುಡದ ಮಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಆಯಿ, ಇದು ಸತ್ತ ಎಷ್ಟೋ ದಿನಾ ಆಗೇತಿ. ಒಣಾ ಕಡ್ಡಿಗೆ ಯಾಕ ನೀರ ಹಾಕ್ತೀರಿ?"

"ಗಿಡಾ ಎಲ್ಲಾ ಬದುಕ್ಯಾವ ಅಂತ ನಿಮ್ಮವರು ರಿಪೋರ್ಟಿನ್ಯಾಗ ಬರದಾರಂತ. ಮಣ್ಣ ಒಣಾ ಕಂಡ್ರ ಮುಂದ ಏನೂ ಸಹಾಯ ಸಿಗೂದಿಲ್ಲ ಅಂದ್ರು. ಹಂಗಾಗಿ ಹಾಕ್ತೀವಿ. ಖರೇ ಹೇಳಬೇಕಂದ್ರ ಇದು ನಮ್ಮ ಎಮ್ಮಿ ಮೇಯೂ ಜಾಗಾ."

"ನೀರ ಎಲ್ಲಿಂದ ತರ್ತೀರಿ?"

ಉತ್ತರ ಕೊಟ್ಟವನು ಅವಳ ಮಗ ಮಾಯಪ್ಪ. ಅವನ ಎಡಗೈ ಮೊಣಕೈಯಿಂದ ಕೆಳಗೆ ಒಣಗಿದ ಟೊಂಗೆಯಂತೆ ಸೊಟ್ಟಾಗಿತ್ತು.

"ಕೆಳಗ ಝರಿ ಐತ್ರಿ. ಹೋಗಿ ಬರಾಕ ಒಂದ ತಾಸ. ಹೋದ ಬ್ಯಾಸಿಗ್ಯಾಗ ಅಲ್ಲೇ ಕರಡಿ ಹಿಡೀತು ನನ್ನ. ಝರಿ ಸುತ್ತಲಿನ ಗಿಡಾ ನಮ್ಮ ಅಜ್ಜನ ಕಾಲದಿಂದ ನಾವ ಕಾದೀವಿ, ಒಂದ ಟೊಂಗಿ ಕಡಿಯೂದಿಲ್ಲ. ಅಲ್ಲಿಗೆ ಮಾತ್ರ ಯಾರೂ ಫೋಟೋ ತಗಿಯಾಕ ಬರೂದಿಲ್ರಿ, ಇಳಿಯೂದು ತ್ರಾಸ ಆಗ್ತದ."

"ಮತ್ತ ಆ ಬೋರಿಂಗ್?" ಇಮಾಮಹುಸೇನ ಮನೆಗಳ ನಡುವೆ ನಿಂತಿದ್ದ ಕೈಪಂಪನ್ನು ತೋರಿಸಿದ. ಹಿಡಿಕೆಯಿಲ್ಲದೆ ಅದು ಮೋಟಾಗಿ ನಿಂತಿತ್ತು.

"ಅದರಾಗ ನೀರ ಐತ್ರಿ. ಹಿಡಿಕಿ ಕೂಡೂ ತುಂಡ ಮುರದೈತಿ. ಹೊಸಾದು ಹಾಕಿ ಒಂದ ತಿಂಗಳಿಗೇ ಮುರೀತು. ಎರಡ ವರ್ಷಾತು. ಬಂದವರಿಗೆಲ್ಲಾ ಹೇಳ್ತೀವಿ, ಅವರು ಗಿಡಾ ಹಚ್ಚಿ ಹೋಗ್ತಾರ."

ಮಾಯಪ್ಪ ಪಂಪಿನ ಬುಡದಲ್ಲಿ ಬಿದ್ದಿದ್ದ ಮುರಿದ ಅರ್ಧ ತುಂಡನ್ನು ತಂದುಕೊಟ್ಟ. ಇಮಾಮಹುಸೇನ ಅದನ್ನು ಬಿಸಿಲಿಗೆ ಹಿಡಿದ. ಮುರಿದ ಜಾಗದಲ್ಲಿ, ಬೀಡಿನ ಒಳಗೆ, ಶೇಂಗಾಕಾಳಿನಷ್ಟು ದೊಡ್ಡ ಗುಳ್ಳೆ. ಅವನ ಕಿವಿ ಕೆಂಪಾಯಿತು. ಬೆಳಗಿನಿಂದ ಟೀ ಶರ್ಟು, ಸಸಿ, ತಟ್ಟೆ, ಬ್ಯಾನರ್ ಎಂದು ಚಿಲ್ಲರೆಯಾಗಿ ಖರ್ಚಾಗುತ್ತಿದ್ದ ಸಿಟ್ಟಿಗೆ ಕೊನೆಗೂ ಒಂದು ತಕ್ಕ ಜಾಗ ಸಿಕ್ಕಿತ್ತು. ಇದರಲ್ಲಿ ನಾನೂ ಅವನ ಪಕ್ಷವೇ. ಮೂವತ್ತು ಜನ ಬೀಡಿನ ಕಾರ್ಖಾನೆಯವರು, ಒಂದು ಬೀಡಿನ ತುಂಡಿಲ್ಲದೆ ನೀರು ನಿಂತ ಊರಿಗೆ, ನೀರು ಬೇಡುವ ಅರವತ್ತು ಸಸಿಗಳನ್ನು ಹೊತ್ತು ತಂದಿದ್ದರು.

"ಎಲ್ಲಾರೂ ಇಲ್ಲಿ ಬರ್ರಿ" ಎಂದು ಅವನು ಕೂಗಿದ. ಸಸಿ ಹಿಡಿದು ನಿಂತವರು ಸಸಿ ಸಮೇತ ಬಂದರು. ಆಶಿಶ್ ಮೊಬೈಲು ಎತ್ತಿಕೊಂಡೇ ಬಂದ.

"ನೋಡ್ರಿ ಇದನ್ನ. ಇದನ್ನ ಪಾಸ್ ಮಾಡಿದಾಂವ ಒಬ್ಬ ಇರ್ತಾನಲ್ಲ, ಅವಂಗ ಕಿವಿ ಇಲ್ಲ, ಕಣ್ಣಿಲ್ಲ, ಮನಶ್ಯಾನ ಅಲ್ಲ ಅವ. ಒಂದ ಏಟ ತಟ್ಟಿದ್ರ ತಿಳೀತಿತ್ತು. ಪಗಾರ ತಗೊಂಡು, ಚಾ ಕುಡದು, ಗುಳ್ಳಿ ಇದ್ದ ಬೀಡ ಈ ಮಂದಿ ಕೊಳ್ಳಿಗೆ ಕಟ್ಯಾನ. ಈ ಹುಡುಗನ ಕೈ ಹೋಗೇತಿ, ಯಾರಿಂದ ಹೋತು? ಕರಡಿಯಿಂದ ಅಲ್ಲ."

"ಎಲ್ಲಿ ಮಾಲ ಇದ್ದೀತು ಇಮಾಮಭಾಯ್?" ಎಂದು ದಿಗಂಬರ ಎಣ್ಣೆ ಹೊಯ್ದ.

"ಎಲ್ಲೀದೂ ಇರಲಿ, ಬೆಳಗಾವಿದಂತೂ ಅಲ್ಲ. ನಮ್ಮ ಊರಿನ ಬೀಡ ಹಿಂಗ ಮುರಿಯೂದಿಲ್ಲ. ಇದನ್ನ ಪಾಸ್ ಮಾಡಿದ ನಾಲಾಯಕ್ ಮನಶ್ಯಾನ ಹಿಡಕೊಂಡ ಬಂದು, ಬೋರಿಂಗ್ ಚಾಲೂ ಆಗೂತನಕ ಅವನ ತಲಿ ಮ್ಯಾಲ ಕೊಡಾ ಹೊರಸಬೇಕು."

ಮಾಯಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ಮನಸಿನಿಂದ ಹೇಳ್ತೀರೇನ್ರಿ ಸಾಹೇಬ್ರ? ನಮ್ಮಲ್ಲಿ ಹಿಂಗ ಐತಿ ನೋಡ್ರಿ. ಎಮ್ಮಿ ಕಿವಿಗೆ ಮನಿಗೊಂದ ಕಚ್ಚ ಹಾಕಿರ್ತೀವಿ. ಎಮ್ಮಿ ಹೋಗಿ ಯಾರದರೆ ಹೊಲಾ ಮೇದ್ರ, ಕಿವಿ ನೋಡೂದು. ಯಾರ ಗುರ್ತ ಐತೋ ಅವ ಹೋಗಿ ಆ ಹೊಲದಾಂವನ ಕೆಲಸಾ ಮಾಡಬೇಕು, ಲುಕ್ಸಾನ ತುಂಬೂತನಕ. ನನಗ ಗೊತ್ತಿರಲಿಲ್ಲ ಅನ್ನೂ ಮಾತಿಲ್ಲ. ಗುರ್ತ ನಿಂದಂದ್ರ ಹೊಣಿ ನಿಂದು."

ಇಮಾಮಹುಸೇನನಿಗೆ ಎದೆ ತುಂಬಿ ಬಂತು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಮಾತು ಅವನು ಕಾರ್ಖಾನೆಯಲ್ಲಿ ಕೇಳಿರಲಿಲ್ಲ.

"ಇದು ನ್ಯಾಯ ಅಂದ್ರ. ಆಯಿ, ಇದ ನ್ಯಾಯ ಆ ನಾಲಾಯಕಗ ಆಗಬೇಕು. ನಾ ಮಾತ ಕೊಡ್ತೀನಿ, ಅವ ಯಾವನ ಇರಲಿ, ನಾನ ಕೈ ಹಿಡದು ತಂದು ನಿಮ್ಮ ಮುಂದ ನಿಲ್ಲಸ್ತೀನಿ."

"ಇಮಾಮಭಾಯ್, ಬೋರಿಂಗ್ ಮ್ಯಾಲ ಕೈ ಇಟ್ಟ ಇನ್ನೊಮ್ಮಿ ಹೇಳ್ರಿ, ವೀಡಿಯೋದಾಗ ಚಲೋ ಬರ್ತದ" ಎಂದ ದಿಗಂಬರ. ಇಮಾಮಹುಸೇನ ಕೈಯಿಟ್ಟು ಇನ್ನೊಮ್ಮೆ ಹೇಳಿದ. ನಾಲಾಯಕ್ ಎಂಬುದನ್ನು ಈ ಸಲ ಎರಡು ಬಾರಿ ಹೇಳಿದ.

ಮಾಯಕ್ಕ ಗುಡಿಸಲಿನೊಳಗೆ ಹೋಗಿ ದೇವರ ಗೂಡಿನಿಂದ ಒಂದು ಬಟ್ಟೆಗಂಟು ತಂದಳು. ಅದರೊಳಗೆ ಮುರಿದ ತುಂಡಿನ ಇನ್ನೊಂದು ಅರ್ಧವಿತ್ತು.

"ಇದರ ಮ್ಯಾಲೂ ಒಂದ ಕಚ್ಚ ಐತ್ರಿ. ಅದಕ್ಕ ಜ್ವಾಪಾನ ಮಾಡಿ ಇಟ್ಟೀನಿ. ಬಂದವರಿಗೆಲ್ಲಾ ತೋರಸ್ತೀನಿ, ಅವರು ನನ್ನ ಕೂಡ ಫೋಟೋ ತಗಸಿಕೊಂಡ ಹೋಗ್ತಾರ. ನಿಮಗ ಬೀಡಿನ ಕೆಲಸಾ ಗೊತ್ತೈತಿ ಅಂದ್ರಿ. ಯಾರ ಗುರ್ತ ಐತಿ, ನೋಡ್ರಿ."

ಇಮಾಮಹುಸೇನ ತೋಳೇರಿಸಲು ಹೋದ. ಟೀ ಶರ್ಟಿಗೆ ಏರಿಸುವಷ್ಟು ತೋಳಿರಲಿಲ್ಲ. ತುಂಡನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿಗೆ ಉಗುಳು ಹಚ್ಚಿ ತುಕ್ಕು ಉಜ್ಜಿದ. ಮೊದಲು ಒಂದು ಮೂಲೆ ಕಾಣಿಸಿತು. ಆಮೇಲೆ ಇನ್ನೊಂದು. ಮೂರನೆಯದು ಕಾಣಿಸುವ ಹೊತ್ತಿಗೆ ಅವನು ಉಜ್ಜುವುದನ್ನು ನಿಲ್ಲಿಸಿದ್ದ. ನಡುವೆ ಚುಕ್ಕೆಯಿತ್ತು. ಗುರುತು ಕಾಳುಮೆಣಸು ಕೂರುವಷ್ಟು ಆಳವಾಗಿತ್ತು.

ಅವನು ತುಂಡನ್ನು ಮೆಲ್ಲಗೆ ಅಂಗೈಯಲ್ಲಿ ಮುಚ್ಚಿಕೊಂಡ. ದಿಗಂಬರನ ಕುತ್ತಿಗೆ ಅಷ್ಟರಲ್ಲಿ ಅವನ ಹೆಗಲ ಮೇಲೆ ಬಂದಾಗಿತ್ತು.

"ಇಷ್ಟ ಆಳ ಯಾರ ಹೊಡೀತಾರ್ರಿ ಇಮಾಮಭಾಯ್" ಎಂದ ದಿಗಂಬರ, ಮೂವತ್ತು ಜನಕ್ಕೂ ಕೇಳುವ ದನಿಯಲ್ಲಿ. "ನಮ್ಮಲ್ಲಿ ಒಬ್ಬರ ಅದಾರ."

"ನೀ ಬಾಯಿ ಮುಚ್ಚು."

"ಸರ್, ವೀಡಿಯೋ ಚಾಲೂ ಐತ್ರಿ" ಎಂದ ಆಶಿಶ್.

ಮಾಯಕ್ಕನ ಕಣ್ಣು ಅವನ ಸೊಂಟದ ಕೀಲಿಗೊಂಚಲಿನ ಮೇಲಿತ್ತು. "ಅದರಾಗ ಒಂದ ಕಬ್ಬಿಣದ ಬೆರಳ ಐತಲ್ರಿ, ಅದನ್ನ ಸ್ವಲ್ಪ ಕೊಡ್ರಿ" ಎಂದಳು. ಅವನು ಕೊಟ್ಟ. ಕೊಡದೆ ಇರಬಹುದಿತ್ತು, ಆದರೆ ಎದುರಿಗೆ ಮಾಯಪ್ಪನ ಕೈಯಿತ್ತು. ಅವಳು ಪಂಚಿನ ತುದಿಯನ್ನು ಗುರುತಿನ ಮೇಲಿಟ್ಟು ಸ್ವಲ್ಪ ತಿರುವಿದಳು. ಅದು ಒಳಗಿಳಿದು ಕೂತಿತು.

ಯಾವ ದಿನದ ಮಾಲು ಅದು ಎಂದು ಅವನಿಗೆ ನೆನಪಾಗಲಿಲ್ಲ. ಅವನ ಬದುಕಿನಲ್ಲಿ ಸಿಟ್ಟಿನ ದಿನಗಳು ಅಷ್ಟಿದ್ದವು. ಯಾರನ್ನೋ ಬೈಯುತ್ತಲೇ ತಟ್ಟಿರಬೇಕು. ಬೈಯುತ್ತಾ ತಟ್ಟಿದವನಿಗೆ ಬೀಡಿನ ದನಿ ಕೇಳಿಸಿರಲಿಕ್ಕಿಲ್ಲ. ನಾಚಿಕೆಯಿಂದ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲು ಜಾಗವೂ ಇರಲಿಲ್ಲ.

"ನಾಳೆ ಮುಂಜಾನೇನ ಹೊಸಾ ತುಂಡ ಮಾಡಸ್ತೀನಿ ಆಯಿ" ಎಂದ ತಗ್ಗಿದ ದನಿಯಲ್ಲಿ.

ಆಶಿಶ್ ಕೆಮ್ಮಿದ. "ಅದಕ್ಕ ಪರ್ಮಿಷನ್ ಬೇಕ್ರಿ ಸರ್. ಈ ವರ್ಷದ ಸೇವಾ ಇವತ್ತಿಗೆ ಮುಗೀತು. ಮುಂದಿನ ಮಾರ್ಚಿಗೆ ನೋಡೂಣು."

"ನಾ ಸ್ವಂತ ಮಾಡಿಸಿ ತರ್ತೀನಿ. ಮುಂದಿನ ರವಿವಾರ ಹಾಕಿ ಕೊಡ್ತೀನಿ."

"ತಾ ತಮ್ಮಾ" ಎಂದಳು ಮಾಯಕ್ಕ. 'ಸಾಹೇಬ್ರ' ಹೋಗಿ 'ತಮ್ಮಾ' ಬಂದಿದ್ದನ್ನು ಎಲ್ಲರೂ ಗಮನಿಸಿದರು. "ತಂದಾಗ ತಟ್ಟಿ ದನಿ ಕೇಳೂದು ನಾನು. ಅಲ್ಲೀತನಕ ನಿನ್ನ ಗುರ್ತ ನನ್ನ ಹಂತೇಕ ಇರಲಿ. ನಮ್ಮಲ್ಲಿ ಹಂಗ ಪದ್ಧತಿ." ಪಂಚು ಬಟ್ಟೆಗಂಟಿನೊಳಗೆ ಸೇರಿ ದೇವರ ಗೂಡಿಗೆ ಹೋಯಿತು. ಅದಿಲ್ಲದೆ ಸೋಮವಾರ ಫೌಂಡ್ರಿಯಲ್ಲಿ ಅವನು ಒಂದು ಮೊಳೆಯನ್ನೂ ಪಾಸು ಮಾಡುವಂತಿರಲಿಲ್ಲ. ಮ್ಯಾನೇಜರಿಗೆ ಏನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಮಾಯಪ್ಪ ಸರಿಯಾದ ಕೈಯಲ್ಲಿ ಒಂದು ಕೊಡ ತಂದು ಅವನ ಮುಂದಿಟ್ಟ.

ಉಳಿದವರು ಗಡಿಬಿಡಿಯಲ್ಲಿ ಸಸಿ ಹಚ್ಚಿ ಮುಗಿಸಿದರು. ಹೆಸರಿನ ಫಲಕಗಳು ಬೆಳಗಾವಿಯಲ್ಲೇ ಅಚ್ಚಾಗಿ ಬಂದಿದ್ದವು. ಮೂರು ಗಂಟೆಗೆ ಎಲ್ಲರೂ ಬಸ್ಸಿನ ಕಡೆ ಹೊರಡುವಾಗ ಆಶಿಶ್ ಸಂತೋಷದಲ್ಲಿದ್ದ.

"ಬಾಳ ಚಲೋ ಆತ್ರಿ ಸರ್. ನಮ್ಮ ಕಂಪನಿಯವರು ಒಬ್ಬರು ಇಲ್ಲೇ ಉಳದು ಸೇವಾ ಮಾಡಾಕತ್ತಾರ ಅಂದ್ರ ರಿಪೋರ್ಟಿಗೆ ತೂಕ ಬರ್ತದ. ಮ್ಯಾನೇಜರಿಗೆ ವೀಡಿಯೋ ಕಳಸೀನಿ."

"ಪೂರಾ ವೀಡಿಯೋ?"

"ಪೂರಾ ರೀ."

ದಿಗಂಬರ ಮನೆಗೆ ಸುದ್ದಿ ಮುಟ್ಟಿಸುವುದಾಗಿ ಹೇಳಿ ಎಲ್ಲರಿಗಿಂತ ಮೊದಲು ಹೊರಟ. ಮುಟ್ಟಿಸುತ್ತಾನೆ, ಓಣಿಯ ಹದಿನಾಲ್ಕು ಮನೆಗೂ ಮುಟ್ಟಿಸುತ್ತಾನೆ. ಇಮಾಮಹುಸೇನ ಕೊಡ ಹೆಗಲಿಗೇರಿಸಿ ಝರಿಯ ಇಳಿಜಾರು ಹಿಡಿದ. ಕತ್ತಲಾಗುವ ಮುಂಚೆ ಮೂರು ಸಲ ಇಳಿದು ಹತ್ತಿದರೆ ಗುಂಜಿ ಸ್ಟೇಷನ್ನಿನಲ್ಲಿ ಬೆಳಗಾವಿಯ ರೈಲು ಸಿಗಬಹುದು ಎಂದು ಮಾಯಪ್ಪ ಹೇಳಿದ್ದ.

ಎರಡನೇ ಸಲ ಹತ್ತುವಾಗ ಫೋನು ಬಡಿಯಿತು. ಶಮಶಾದ. ನಳ ಬಂದು ಎರಡು ತಾಸು ಓಡಿ ನಿಂತಿತು, ಡ್ರಮ್ಮು ಖಾಲಿ ಇದೆ, ಇನ್ನು ನಾಲ್ಕು ದಿನ ಏನು ಮಾಡುವುದು, ತಾವು ಅಲ್ಲಿ ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ನೀರು ತುಂಬುತ್ತಿದ್ದೇನೆ ಎಂದು ಅವನು ನಿಜ ಹೇಳಿದ. ಅವಳು ಫೋನು ಇಟ್ಟಳು.

ಮೂರನೇ ಕೊಡ ಹೊತ್ತು ಬರುವಾಗ ಬಿಸಿಲು ಇಳಿದಿತ್ತು, ಟೀ ಶರ್ಟಿನ ಹೊಲಿಗೆ ಎರಡೂ ಕಡೆ ಬಿಟ್ಟಿತ್ತು. ಮನೆಗಳ ಹಂಡೆಗಳು ತುಂಬಿದ್ದವು. ಅವನು ಏದುಸಿರು ಬಿಡುತ್ತಾ, "ಇದನ್ನ ಎಲ್ಲಿ ಹಾಕಲಿ ಆಯಿ?" ಎಂದ.

ಮಾಯಕ್ಕ ಬಯಲಿನ ಕಡೆ ಕೈ ತೋರಿಸಿದಳು. "ನಿನ್ನ ಗಿಡಕ್ಕ."

"ಅದು ಸತ್ತೈತಿ."

"ನನಗ ಗೊತ್ತೈತಿ ತಮ್ಮಾ. ನಿಮ್ಮ ರಿಪೋರ್ಟಿಗೆ ಗೊತ್ತಿಲ್ಲ. ಹಾಕು."

ಇಮಾಮಹುಸೇನ ಬೈಯಲು ಬಾಯಿ ತೆರೆದ. ಯಾರನ್ನು ಬೈಯಬೇಕೆಂದು ಸ್ವಲ್ಪ ಹೊತ್ತು ಹುಡುಕಿದ. ಆಮೇಲೆ ಬಾಯಿ ಮುಚ್ಚಿಕೊಂಡು ಹೋಗಿ, ತನ್ನ ಹೆಸರಿನ ಬುಡಕ್ಕೆ ಒಂದು ಕೊಡ ನೀರು ಹಾಕಿದ.